ಕೂಡುತ್ತ ಹೋಗುವ ಲೆಕ್ಕ, ಗುಣಿಸುತ್ತ ಹೋಗುವ ಲೆಕ್ಕ

ಕಳೆದ ಸಂಚಿಕೆಯಲ್ಲಿ ಶೇಕಡಾ ಲೆಕ್ಕಗಳನ್ನು ನೋಡಿದೆವು. ಈ ತಿಂಗಳು ಶ್ರೇಢಿಗಳನ್ನು ಎತ್ತಿಕೊಳ್ಳೋಣ. ಹೈಸ್ಕೂಲು, ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಈ ಪುಟವನ್ನು ಮೊದಲು ತಾಯಿ ಓದಲಿ, ಆಮೇಲೆ ಮಗಳ ಕೈಗೆ ಕೊಡಲಿ ಎಂಬುದು ನನ್ನ ಕೋರಿಕೆ. ಅದಕ್ಕೆ ಕಾರಣವಿದೆ. ನಮ್ಮ ಎಷ್ಟೋ ಹೆಣ್ಮಕ್ಕಳು ಎಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದೂ ಪಿಯುಸಿಗೆ ಸೇರುವಾಗ ಗಣಿತವನ್ನು ಬಿಟ್ಟುಬಿಡುತ್ತಾರೆ. ‘ಅವಳಿಗೆ ಲೆಕ್ಕ ಆಗಿಬರುವುದಿಲ್ಲ’ ಎಂಬ ತೀರ್ಮಾನ ಹೆಚ್ಚಾಗಿ ಮನೆಯಲ್ಲೇ ಆಗುತ್ತದೆ, ಅದೂ ಒಂದೆರಡು ಕಿರುಪರೀಕ್ಷೆಯ ಅಂಕ ನೋಡಿ. ಹಾಗೆ ಬಿಟ್ಟಲ್ಲಿಗೆ ಇಂಜಿನಿಯರಿಂಗ್, ಆರ್ಕಿಟೆಕ್ಚರ್‌ನಂತಹ ಬಾಗಿಲುಗಳು ಮುಚ್ಚುತ್ತವೆ. ಆದರೆ ಗಣಿತ ಅವಳನ್ನು ಬಿಡುವುದಿಲ್ಲ. ಮುಂದೆ ಶಿಕ್ಷಕಿಯಾಗಲು ಹೊರಟರೂ, ಸರ್ಕಾರಿ ಹುದ್ದೆಗೆ ಅರ್ಜಿ ಹಾಕಿದರೂ, ಎಂಬಿಎ ಪ್ರವೇಶ ಪರೀಕ್ಷೆಗೆ ಕುಳಿತರೂ ಅದೇ ಸಂಖ್ಯೆಗಳ ಸಾಲು ಎದುರಿಗೆ ಬಂದು ನಿಲ್ಲುತ್ತದೆ.

ಶ್ರೇಢಿ ಮಕ್ಕಳಿಗೆ ಎದುರಾಗುವುದು ಪಿಯುಸಿಯಲ್ಲಿ ಮಾತ್ರವಲ್ಲ. ಎಂಟನೆಯ ತರಗತಿಯ ಮಕ್ಕಳು ಬರೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ಬೌದ್ಧಿಕ ಸಾಮರ್ಥ್ಯ ಪತ್ರಿಕೆಯಲ್ಲೇ ಸಂಖ್ಯಾಸರಣಿ ಬರುತ್ತದೆ. ಅದರಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಬಡ ಮನೆಯೊಂದರಲ್ಲಿ ಹುಡುಗಿಯ ಓದು ಮುಂದುವರಿಯಬೇಕೇ ನಿಲ್ಲಬೇಕೇ ಎಂಬುದು ಕೆಲವೊಮ್ಮೆ ಅಷ್ಟು ಹಣದ ಮೇಲೆ ನಿಂತಿರುತ್ತದೆ. ಆಮೇಲೆ ಹತ್ತನೆಯ ತರಗತಿಯಲ್ಲಿ ಸಮಾಂತರ ಶ್ರೇಢಿ, ಪ್ರಥಮ ಪಿಯುಸಿಯಲ್ಲಿ ಗುಣೋತ್ತರ ಶ್ರೇಢಿ, ಕೊನೆಗೆ ಸಿಇಟಿ, ಜೆಇಇ.

ಪಾಠದ ಹೆಸರು ಕೇಳಿಯೇ ಹೆದರಬೇಡಿ. ಮೆಟ್ಟಿಲು ಹತ್ತುವಂತೆ ಪ್ರತಿ ಸಲ ಒಂದೇ ಸಂಖ್ಯೆಯನ್ನು ಕೂಡುತ್ತ ಹೋದರೆ ಅದು ಸಮಾಂತರ ಶ್ರೇಢಿ: 5, 8, 11, 14. ಕೂಡುವ 3 ಎಂಬುದು ಸಾಮಾನ್ಯ ವ್ಯತ್ಯಾಸ. ಪ್ರತಿ ಸಲ ಒಂದೇ ಸಂಖ್ಯೆಯಿಂದ ಗುಣಿಸುತ್ತ ಹೋದರೆ ಗುಣೋತ್ತರ ಶ್ರೇಢಿ: 5, 15, 45, 135. ಇಲ್ಲಿ 3 ಎಂಬುದು ಸಾಮಾನ್ಯ ಅನುಪಾತ. ಪತ್ರಿಕೆಯಲ್ಲಿ ಸಂಖ್ಯೆಗಳ ಸಾಲು ಕಂಡ ಕೂಡಲೇ ಪಕ್ಕಪಕ್ಕದವನ್ನು ಕಳೆದು ನೋಡಬೇಕು. ವ್ಯತ್ಯಾಸ ಒಂದೇ ಬಾರದಿದ್ದರೆ ಭಾಗಿಸಿ ನೋಡಬೇಕು. ಎರಡೂ ಹೊಂದದಿದ್ದರೆ ವ್ಯತ್ಯಾಸಗಳನ್ನೇ ಕೆಳಗೆ ಇನ್ನೊಂದು ಸಾಲಾಗಿ ಬರೆದುಕೊಳ್ಳಬೇಕು. 2, 6, 12, 20, 30 ಎಂಬುದರ ವ್ಯತ್ಯಾಸಗಳು 4, 6, 8, 10. ಆದ್ದರಿಂದ ಮುಂದಿನದು 12 ಕೂಡಿ 42. ಎನ್‌ಎಂಎಂಎಸ್ ಮಟ್ಟದ ಬಹಳಷ್ಟು ಸರಣಿಗಳು ಇಷ್ಟರಲ್ಲೇ ಬಿಚ್ಚಿಕೊಳ್ಳುತ್ತವೆ.

ಈಗ ಮನೆಯ ಒಂದು ಲೆಕ್ಕ. ಮದೀನಾ ಮುದ್ರಣದ ಮುಸ್‌ಹಫ್‌ನಲ್ಲಿ 604 ಪುಟಗಳಿವೆ. ರಮಝಾನಿನ ಮೊದಲ ದಿನ 5 ಪುಟ ಓದಿ, ದಿನಕ್ಕೊಂದು ಪುಟ ಹೆಚ್ಚಿಸುತ್ತ ಹೋದರೆ 30 ದಿನಗಳಲ್ಲಿ ಖತಂ ಆಗುತ್ತದೆಯೇ? ಕೊನೆಯ ದಿನ ಓದುವುದು 34 ಪುಟ. ಮೊದಲ ದಿನ ಮತ್ತು ಕೊನೆಯ ದಿನ ಸೇರಿದರೆ 39. ಎರಡನೆಯ ದಿನ ಮತ್ತು ಕೊನೆಯಿಂದ ಎರಡನೆಯ ದಿನ, ಅಂದರೆ 6 ಮತ್ತು 33, ಸೇರಿದರೂ 39. ಹೀಗೆ 15 ಜೋಡಿಗಳು. 15 × 39 = 585. ಹತ್ತೊಂಬತ್ತು ಪುಟ ಬಾಕಿ ಉಳಿಯಿತು! ಮೊದಲ ದಿನ 6 ಪುಟದಿಂದ ಆರಂಭಿಸಿದರೆ 15 × 41 = 615, ಖತಂ ಆಗಿ ಕೊನೆಯ ದಿನ ಸ್ವಲ್ಪ ಬಿಡುವೂ ಸಿಗುತ್ತದೆ. ಪುಸ್ತಕದಲ್ಲಿ ಇದನ್ನೇ ‘ಪದಗಳ ಸಂಖ್ಯೆಯ ಅರ್ಧವನ್ನು ಮೊದಲ ಮತ್ತು ಕೊನೆಯ ಪದಗಳ ಮೊತ್ತದಿಂದ ಗುಣಿಸಿ’ ಎಂದು ಸೂತ್ರ ಮಾಡಿದ್ದಾರೆ. ಜೋಡಿ ಕಟ್ಟುವುದನ್ನು ಒಮ್ಮೆ ಕೈಯಾರೆ ಮಾಡಿದ ಹುಡುಗಿಗೆ ಆ ಸೂತ್ರ ಮರೆಯುವುದಿಲ್ಲ. ಕಂಠಪಾಠ ಮಾಡಿದವಳಿಗೆ ಪರೀಕ್ಷೆಯ ಗಾಬರಿಯಲ್ಲಿ ಅರ್ಧ ಎಲ್ಲಿ, ಪೂರ್ತಿ ಎಲ್ಲಿ ಎಂದು ಸಂಶಯ ಹುಟ್ಟುತ್ತದೆ.

ಈ ಪಾಠದಲ್ಲಿ ಮಕ್ಕಳು ಅತಿ ಹೆಚ್ಚು ಅಂಕ ಕಳೆದುಕೊಳ್ಳುವುದು ಕಷ್ಟದ ಲೆಕ್ಕಗಳಲ್ಲಿ ಅಲ್ಲ, ಎಣಿಕೆಯಲ್ಲಿ. ಹತ್ತನೆಯ ಉಪವಾಸದಿಂದ ಇಪ್ಪತ್ತನೆಯ ಉಪವಾಸದವರೆಗೆ ಒಟ್ಟು ಎಷ್ಟು ಉಪವಾಸ? ಹತ್ತು ಎಂದು ಬಾಯಿಗೆ ಬರುತ್ತದೆ. ಬೆರಳಲ್ಲಿ ಎಣಿಸಿದರೆ ಹನ್ನೊಂದು. ಹೆಜ್ಜೆಗಳು ಹತ್ತು, ನಿಲ್ದಾಣಗಳು ಹನ್ನೊಂದು. ‘100 ಮತ್ತು 300ರ ನಡುವೆ 7ರಿಂದ ಭಾಗವಾಗುವ ಸಂಖ್ಯೆಗಳ ಮೊತ್ತವೆಷ್ಟು’ ಎಂಬ ಹಳೆಯ ಪ್ರಶ್ನೆಯನ್ನೇ ನೋಡಿ. ಮೊದಲನೆಯದು 105, ಕೊನೆಯದು 294. ಇವೆರಡರ ಅಂತರ 189. ಅದನ್ನು 7ರಿಂದ ಭಾಗಿಸಿದರೆ 27. ಆದರೆ ಸಂಖ್ಯೆಗಳು 28. ಮೊತ್ತ 14 × 399 = 5586. ಇಪ್ಪತ್ತೇಳೆಂದೇ ಹಿಡಿದು ಲೆಕ್ಕ ಮಾಡಿದವಳಿಗೂ ಅವಳ ತಪ್ಪು ಉತ್ತರ ಆಯ್ಕೆಗಳಲ್ಲಿ ಕಾಣಸಿಗಬಹುದು. ಪ್ರಶ್ನೆ ತಯಾರಿಸುವವರಿಗೆ ಮಕ್ಕಳು ಎಲ್ಲಿ ಎಡವುತ್ತಾರೆಂದು ಚೆನ್ನಾಗಿ ಗೊತ್ತು.

ಅದೇ ಹೆಜ್ಜೆಯ ಲೆಕ್ಕ ಇನ್ನೊಂದು ಕಡೆ ನಮ್ಮ ಸಹಾಯಕ್ಕೂ ಬರುತ್ತದೆ. ಸಮಾಂತರ ಶ್ರೇಢಿಯೊಂದರ 4ನೆಯ ಪದ 14, 9ನೆಯ ಪದ 34. ಹಾಗಾದರೆ 25ನೆಯ ಪದ ಎಷ್ಟು? ಎರಡು ಸಮೀಕರಣ ಬರೆದು ಬಿಡಿಸಬಹುದು. ಅದು ತಪ್ಪಲ್ಲ, ಆದರೆ ನಿಧಾನ. ನಾಲ್ಕರಿಂದ ಒಂಬತ್ತಕ್ಕೆ ಐದು ಹೆಜ್ಜೆ, ಏರಿದ್ದು 20, ಹೆಜ್ಜೆಗೆ 4. ಒಂಬತ್ತರಿಂದ ಇಪ್ಪತ್ತೈದಕ್ಕೆ ಹದಿನಾರು ಹೆಜ್ಜೆ, 64. ಮೂವತ್ತನಾಲ್ಕಕ್ಕೆ ಕೂಡಿದರೆ 98.

ನನಗೆ ಬಹಳ ಇಷ್ಟವಾದ ಪ್ರಶ್ನೆಯೊಂದಿದೆ. ‘ಸಮಾಂತರ ಶ್ರೇಢಿಯ 7ನೆಯ ಪದ 20. ಮೊದಲ 13 ಪದಗಳ ಮೊತ್ತವೆಷ್ಟು?’ ಮೊದಲ ಪದ ಕೊಟ್ಟಿಲ್ಲ, ವ್ಯತ್ಯಾಸವನ್ನೂ ಕೊಟ್ಟಿಲ್ಲ. ‘ಮಾಹಿತಿ ಸಾಲದು’ ಎಂದು ಎಷ್ಟೋ ಮಕ್ಕಳು ಮುಂದಕ್ಕೆ ಹೋಗಿಬಿಡುತ್ತಾರೆ. ಆದರೆ ಹದಿಮೂರು ಪದಗಳ ಸಾಲಿನಲ್ಲಿ ಏಳನೆಯದು ನಟ್ಟನಡುವಿನದು, ಅದರ ಆಚೆ ಆರು, ಈಚೆ ಆರು. ಆರನೆಯ ಪದ ಎಷ್ಟು ಕಡಿಮೆಯೋ ಎಂಟನೆಯ ಪದ ಅಷ್ಟೇ ಹೆಚ್ಚು. ಐದನೆಯದರ ಕೊರತೆಯನ್ನು ಒಂಬತ್ತನೆಯದು ತುಂಬುತ್ತದೆ. ಹೀಗೆ ಎಲ್ಲವೂ ಸರಿತೂಗಿ, ಹದಿಮೂರು ಪದಗಳೂ 20 ಆಗಿದ್ದಂತೆಯೇ ಲೆಕ್ಕ. 13 × 20 = 260. ಹತ್ತು ಸೆಕೆಂಡಿನ ಕೆಲಸ. ಪದಗಳ ಸಂಖ್ಯೆ ಬೆಸವಾಗಿದ್ದರೆ ನಡುವಿನ ಪದವನ್ನು, ಸಮವಾಗಿದ್ದರೆ ನಡುವಿನ ಎರಡು ಪದಗಳ ಸರಾಸರಿಯನ್ನು ಹಿಡಿದರೆ ಸಾಕು.

ಈ ನಡುವಿನ ಪದವೇ ಇನ್ನೊಂದು ಜಾತಿಯ ಪ್ರಶ್ನೆಗೂ ಕೀಲಿಕೈ. ‘ಸಮಾಂತರ ಶ್ರೇಢಿಯಲ್ಲಿರುವ ಮೂರು ಸಂಖ್ಯೆಗಳ ಮೊತ್ತ 27, ಗುಣಲಬ್ಧ 504’ ಎಂದರೆ ಮೊದಲ ಸಂಖ್ಯೆಯನ್ನು ಅಜ್ಞಾತವೆಂದು ಹಿಡಿಯಬೇಡಿ, ನಡುವಿನದರಿಂದ ಆರಂಭಿಸಿ. ಅದು 27ರ ಮೂರನೆಯ ಒಂದು ಭಾಗ, ಅಂದರೆ 9. ಉಳಿದೆರಡರ ಗುಣಲಬ್ಧ 504 ÷ 9 = 56. ಒಂಬತ್ತರಿಂದ ಸಮಾನ ದೂರದಲ್ಲಿದ್ದು ಗುಣಿಸಿದರೆ 56 ಬರುವವು 4 ಮತ್ತು 14. ಗುಣೋತ್ತರ ಶ್ರೇಢಿಯಲ್ಲಿ ಇದೇ ಉಪಾಯ ಗುಣಲಬ್ಧದ ಮೇಲೆ ನಡೆಯುತ್ತದೆ. ಮೂರು ಸಂಖ್ಯೆಗಳ ಗುಣಲಬ್ಧ 216 ಎಂದರೆ ನಡುವಿನದು ಅದರ ಘನಮೂಲ 6. ಮೊತ್ತ 26 ಎಂದು ಕೊಟ್ಟಿದ್ದರೆ ಸಂಖ್ಯೆಗಳು 2, 6, 18.

‘ಮೊದಲ ಎನ್ ಪದಗಳ ಮೊತ್ತ 3 ಎನ್ ವರ್ಗ + 5 ಎನ್’ ಎಂಬಂತಹ ಪ್ರಶ್ನೆಗೂ ಸೂತ್ರ ಹುಡುಕಬೇಕಾಗಿಲ್ಲ. ಎನ್ ಇದ್ದಲ್ಲಿ 1 ಹಾಕಿ: 8. ಅದೇ ಮೊದಲ ಪದ. 2 ಹಾಕಿ: 22. ಅದರಲ್ಲಿ 8 ಕಳೆದರೆ ಎರಡನೆಯ ಪದ 14. ವ್ಯತ್ಯಾಸ 6. ವರ್ಗದ ಮುಂದಿರುವ ಸಂಖ್ಯೆಯ ಇಮ್ಮಡಿ ಯಾವಾಗಲೂ ವ್ಯತ್ಯಾಸವಾಗಿರುತ್ತದೆ ಎಂಬುದನ್ನು ನೆನಪಿಟ್ಟವರಿಗೆ ಅಷ್ಟೂ ಬೇಕಿಲ್ಲ.

ಇನ್ನು ಗುಣಿಸುತ್ತ ಹೋಗುವ ಲೆಕ್ಕ. ಅಲ್ ಬಕರ ಅಧ್ಯಾಯದ 261ನೆಯ ಸೂಕ್ತವನ್ನು ನೀವೆಲ್ಲ ಓದಿರುತ್ತೀರಿ. ಅಲ್ಲಾಹನ ಮಾರ್ಗದಲ್ಲಿ ಮಾಡಿದ ಖರ್ಚಿಗೆ ಅಲ್ಲಿ ಒಂದು ಕಾಳಿನ ಉಪಮೆ ಇದೆ. ಒಂದು ಕಾಳಿನಿಂದ ಏಳು ತೆನೆ, ತೆನೆಗೆ ನೂರರಂತೆ ಕಾಳುಗಳು. 1, 7, 700 ಎಂದು ಬರೆದು, ಇದು ಗುಣೋತ್ತರ ಶ್ರೇಢಿಯೇ ಎಂದು ಮಗಳನ್ನು ಕೇಳಿ ನೋಡಿ. ಗುಣಿಸುತ್ತ ಹೋಗುತ್ತಿದೆಯಲ್ಲ, ಹೌದು ಎಂದಾಳು. ಆದರೆ ಮೊದಲ ಸಲ ಗುಣಿಸಿದ್ದು 7ರಿಂದ, ಎರಡನೆಯ ಸಲ 100ರಿಂದ. ಅನುಪಾತ ಒಂದೇ ಇಲ್ಲ, ಆದ್ದರಿಂದ ಅಲ್ಲ. ಆ ಏಳುನೂರು ಕಾಳುಗಳನ್ನು ಮತ್ತೆ ಬಿತ್ತಿ, ಪ್ರತಿಯೊಂದೂ ಏಳುನೂರು ಕೊಟ್ಟರೆ ಆಗ 1, 700, 4,90,000 ಎಂಬುದು ಗುಣೋತ್ತರ ಶ್ರೇಢಿ. ಎರಡೇ ಬಿತ್ತನೆಯಲ್ಲಿ ಸುಮಾರು ಐದು ಲಕ್ಷ!

ಇಮ್ಮಡಿಯಾಗುತ್ತ ಹೋಗುವ ಸಾಲಿನ ಮೊತ್ತ ಕೇಳಿದರೆ ಒಂದು ಸುಲಭ ದಾರಿಯಿದೆ. 1 + 2 + 4 + 8 ಅಂದರೆ 15, ಮುಂದಿನ ಪದವಾದ 16ಕ್ಕಿಂತ ಒಂದು ಕಡಿಮೆ. 512ರವರೆಗೆ ಕೂಡಿದರೆ 1023. ಚದುರಂಗದ ಹಲಗೆಯ ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ಕಾಳು ಇಡುತ್ತ ಹೋಗುವ ಕಥೆ ಎಲ್ಲರಿಗೂ ಗೊತ್ತು. ಅರುವತ್ತನಾಲ್ಕು ಮನೆಗಳ ಮೊತ್ತ 18,446,744,073,709,551,615 ಎಂದು ಅಲ್ ಬೀರೂನಿ ಸಾವಿರ ವರ್ಷಗಳ ಹಿಂದೆಯೇ ತಮ್ಮ ‘ಅಲ್ ಆಸಾರುಲ್ ಬಾಕಿಯ’ ಗ್ರಂಥದಲ್ಲಿ ಲೆಕ್ಕ ಹಾಕಿ ಬರೆದಿಟ್ಟಿದ್ದಾರೆ, ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ. ಅವರಿಗೂ ಮೊದಲು, ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಶ್ರೇಢಿಗಳ ಲೆಕ್ಕಗಳನ್ನು ಕೊಟ್ಟಿದ್ದರು.

ಇಲ್ಲಿ ನಮ್ಮ ಮನೆಗಳ ಒಂದು ಸಂಕೋಚದ ವಿಷಯ ಹೇಳಲೇಬೇಕು. ಗುಣೋತ್ತರ ಶ್ರೇಢಿಗೆ ಪಠ್ಯಪುಸ್ತಕಗಳು ಕೊಡುವ ಮಾಮೂಲಿ ಉದಾಹರಣೆ ಚಕ್ರಬಡ್ಡಿ. ಬಡ್ಡಿ ಹರಾಮ್ ಎಂದು ಬಾಲ್ಯದಿಂದ ಕೇಳಿ ಬೆಳೆದ ಮಕ್ಕಳಲ್ಲಿ ಕೆಲವರು ಆ ಲೆಕ್ಕವನ್ನೇ ಹಾರಿಸಿಬಿಡುತ್ತಾರೆ. ಲೆಕ್ಕ ತಿಳಿಯುವುದು ಬೇರೆ, ಬಡ್ಡಿ ತಿನ್ನುವುದು ಬೇರೆ. ವಿಷದ ಗುಣ ತಿಳಿಯದ ವೈದ್ಯನಿಂದ ಯಾರಿಗೆ ಉಪಯೋಗ? ಈ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ನಮ್ಮ ಮನೆಯ ಹುಡುಗಿಯಾಗಿರಬೇಕು.

ನೂರಕ್ಕೆ ತಿಂಗಳಿಗೆ ಹತ್ತರಂತೆ 10,000 ರೂಪಾಯಿ ಸಾಲ ತಂದರೆನ್ನಿ. ಮೀಟರ್ ಬಡ್ಡಿಯವರ ಲೋಕದಲ್ಲಿ ಇದು ಕಂಡುಕೇಳರಿಯದ ದರವೇನಲ್ಲ. ಸರಳ ಬಡ್ಡಿಯಾದರೆ ತಿಂಗಳಿಗೆ ಒಂದೊಂದು ಸಾವಿರ ಕೂಡುತ್ತದೆ: 11,000, 12,000, 13,000. ಇದು ಸಮಾಂತರ ಶ್ರೇಢಿ. ಕಟ್ಟದ ಬಡ್ಡಿಯನ್ನು ಅಸಲಿಗೆ ಸೇರಿಸುತ್ತ ಹೋದರೆ 11,000, 12,100, 13,310. ಇದು 1.1 ಅನುಪಾತದ ಗುಣೋತ್ತರ ಶ್ರೇಢಿ. ಮೂರು ತಿಂಗಳಾದಾಗ ಎರಡರ ನಡುವೆ ಇರುವ ಅಂತರ ಬರೀ 310 ರೂಪಾಯಿ. ಯಾರಿಗೂ ಹೆದರಿಕೆಯಾಗುವುದಿಲ್ಲ. ವರ್ಷ ಕಳೆದಾಗ ಒಂದು ಕಡೆ 22,000, ಇನ್ನೊಂದು ಕಡೆ 31,384. ಎರಡು ವರ್ಷಕ್ಕೆ ಒಂದು ಕಡೆ 34,000, ಇನ್ನೊಂದು ಕಡೆ 98,497. ಹತ್ತು ಸಾವಿರ ತಂದ ಮನೆ ಒಂದು ಲಕ್ಷದ ಹತ್ತಿರ ಬಂದು ನಿಂತಿದೆ! ಆಲಿ ಇಮ್ರಾನ್ ಅಧ್ಯಾಯದ 130ನೆಯ ಸೂಕ್ತ ಬಡ್ಡಿಯನ್ನು ನಿಷೇಧಿಸುವಾಗ ಅದು ಮಡಿಮಡಿಯಾಗಿ ಬೆಳೆಯುವುದನ್ನೇ ಎತ್ತಿ ಹೇಳುತ್ತದೆ. ಆ ಬೆಳೆಯುವಿಕೆ ಎಂತಹದ್ದೆಂದು ಕಾಣಲು ಈ ಎರಡು ಸಾಲುಗಳನ್ನು ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದರೆ ಸಾಕು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲದ ಕಾಗದಕ್ಕೆ ಸಹಿ ಹಾಕುವವರಲ್ಲಿ ಹೆಚ್ಚಿನವರು ಹೆಂಗಸರು. ದರ ದಿನಕ್ಕೋ ವಾರಕ್ಕೋ ತಿಂಗಳಿಗೋ, ಬಡ್ಡಿ ಕೂಡುತ್ತದೋ ಗುಣಿಸುತ್ತದೋ ಎಂದು ಕೇಳುವ ಧೈರ್ಯ ಹತ್ತನೆಯ ತರಗತಿಯ ಈ ಪಾಠದಿಂದ ಬರಬೇಕು.

ಪರೀಕ್ಷೆಯ ದೃಷ್ಟಿಯಿಂದ ಇಲ್ಲಿ ಒಂದು ಎಚ್ಚರಿಕೆ: ಹನ್ನೆರಡು ತಿಂಗಳು ಕಳೆದಾಗಿನ ಮೊತ್ತ ಶ್ರೇಢಿಯ ಹದಿಮೂರನೆಯ ಪದ, ಹನ್ನೆರಡನೆಯದಲ್ಲ. ಅದೇ ಉಪವಾಸದ ಎಣಿಕೆ.

ಮುಗಿಯದ ಶ್ರೇಢಿಯ ಮೊತ್ತ ಕೇಳುವ ಪ್ರಶ್ನೆಗಳೂ ಬರುತ್ತವೆ. ಒಂದು ರೊಟ್ಟಿಯ ಅರ್ಧ ತಿಂದು, ಉಳಿದುದರ ಅರ್ಧ, ಮತ್ತೆ ಉಳಿದುದರ ಅರ್ಧ ಎಂದು ತಿನ್ನುತ್ತ ಹೋದರೆ ಎಷ್ಟು ತಿಂದರೂ ಒಂದು ರೊಟ್ಟಿಯನ್ನು ಮೀರುವುದಿಲ್ಲ. ಹಾಗಾಗಿ ಮೊತ್ತ 1. ಸಾಮಾನ್ಯವಾಗಿ, ಮೊದಲ ಪದವನ್ನು, ಒಂದರಿಂದ ಅನುಪಾತ ಕಳೆದು ಬಂದುದರಿಂದ ಭಾಗಿಸಬೇಕು. 0.777… ಎಂಬುದು 0.7ನ್ನು 0.9ರಿಂದ ಭಾಗಿಸಿದಂತೆ, ಅಂದರೆ 7/9. ಅನುಪಾತ −1 ಮತ್ತು 1ರ ನಡುವೆ ಇದ್ದರೆ ಮಾತ್ರ ಇದು ಸರಿ. 3, 6, 12 ಎಂದು ಬೆಳೆಯುತ್ತ ಹೋಗುವ ಸಾಲಿಗೆ ಸೂತ್ರ ಹಾಕಿದರೆ −3 ಎಂಬ ಹುಚ್ಚು ಉತ್ತರ ಬರುತ್ತದೆ. ಚೆಂಡಿನ ಲೆಕ್ಕವೂ ಇದೇ ಜಾತಿಯದು. 10 ಮೀಟರ್ ಎತ್ತರದಿಂದ ಬಿದ್ದ ಚೆಂಡು ಪ್ರತಿ ಸಲ ಅರ್ಧ ಎತ್ತರಕ್ಕೆ ಪುಟಿದರೆ ಒಟ್ಟು ಚಲಿಸಿದ ದೂರವೆಷ್ಟು? 20 ಎಂದು ಅವಸರದವರು ಗುರುತು ಹಾಕುತ್ತಾರೆ. ಮೊದಲ ಹತ್ತು ಮೀಟರ್ ಬೀಳುವುದು ಮಾತ್ರ. ಆಮೇಲಿನ ಪ್ರತಿ ಪುಟಿತದಲ್ಲೂ ಏರಿಕೆ, ಇಳಿತ ಎರಡೂ ಇವೆ. 10 + 2 × 10 = 30 ಮೀಟರ್.

ಸಿಇಟಿಯ ಗಣಿತದಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಜೆಇಇ ಮೈನ್‌ನಲ್ಲಿ ಹಾಗಲ್ಲ. ಸರಿಗೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಅಲ್ಲಿ ಊಹೆಗೆ ಲಗಾಮು ಬೇಕು. ಅಕ್ಷರಗಳಲ್ಲೇ ಇರುವ ಪ್ರಶ್ನೆಗಳನ್ನು ಸಂಖ್ಯೆ ಹಾಕಿ ಪರೀಕ್ಷಿಸುವುದು ಎರಡೂ ಕಡೆ ಸಲ್ಲುತ್ತದೆ. ‘ಎ, ಬಿ, ಸಿ ಸಮಾಂತರ ಶ್ರೇಢಿಯಲ್ಲಿದ್ದರೆ 2ರ ಘಾತ ಎ, 2ರ ಘಾತ ಬಿ, 2ರ ಘಾತ ಸಿ ಯಾವ ಶ್ರೇಢಿಯಲ್ಲಿವೆ?’ 1, 2, 3 ಎಂದು ಇಟ್ಟುಕೊಳ್ಳಿ. 2, 4, 8 ಬಂತು, ಗುಣೋತ್ತರ. ಎರಡು ಆಯ್ಕೆಗಳು ಒಟ್ಟಿಗೆ ಸರಿಹೊಂದಿದರೆ ಮಾತ್ರ 1, 3, 5ರಂತಹ ಬೇರೆ ಸಂಖ್ಯೆಗಳನ್ನು ಇಟ್ಟು ಇನ್ನೊಮ್ಮೆ ನೋಡಬೇಕು.

ಇದೊಂದು ಪಾಠಕ್ಕಾಗಿ ಕೋಚಿಂಗ್‌ಗೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಹತ್ತನೆಯ ತರಗತಿಯ ಪುಸ್ತಕ, ಪ್ರಥಮ ಪಿಯುಸಿಯ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗಳು ಮತ್ತು ಎದುರಿಗೊಂದು ಗಡಿಯಾರ ಸಾಕು. ಹಳೆಯ ಗೈಡುಗಳನ್ನು ಕೊಳ್ಳುವಾಗ ಮಾತ್ರ ಜಾಗ್ರತೆ. ಅವುಗಳಲ್ಲಿ ಹರಾತ್ಮಕ ಶ್ರೇಢಿಯಂತಹ, ಈಗಿನ ಪಠ್ಯದಲ್ಲಿಲ್ಲದ ಭಾಗಗಳು ಪುಟಗಟ್ಟಲೆ ಇರುತ್ತವೆ. 2024ರ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟ ಭಾಗಗಳ ಪ್ರಶ್ನೆಗಳು ಬಂದು ದೊಡ್ಡ ಗದ್ದಲವಾಗಿ, ಅಂತಹ ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಬಿಡಬೇಕಾಗಿ ಬಂತು. ಆದ್ದರಿಂದ ಆಯಾ ವರ್ಷದ ಪಠ್ಯಕ್ರಮದ ಹಾಳೆಯನ್ನು ತರಿಸಿ ಗೋಡೆಗೆ ಅಂಟಿಸಿಕೊಳ್ಳಿ.

ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಪಿಯುಸಿ ವಿಜ್ಞಾನಕ್ಕೆ ಹೋದ ಹುಡುಗಿಯರಿಗೆ ಇನ್ನೊಂದು ಮಾತು. ಮೊದಲ ತಿಂಗಳುಗಳಲ್ಲಿ ನಿಮ್ಮನ್ನು ಎಡವಿಸುವುದು ಗಣಿತವಲ್ಲ, ಅದರ ಇಂಗ್ಲಿಷ್ ಹೆಸರುಗಳು. ಅರಿಥ್ಮೆಟಿಕ್ ಪ್ರೊಗ್ರೆಶನ್ ಎಂದರೆ ನಿಮಗೆ ಗೊತ್ತಿರುವ ಸಮಾಂತರ ಶ್ರೇಢಿಯೇ. ಜಿಯೊಮೆಟ್ರಿಕ್ ಪ್ರೊಗ್ರೆಶನ್ ಎಂದರೆ ಗುಣೋತ್ತರ, ಕಾಮನ್ ಡಿಫರೆನ್ಸ್ ಎಂದರೆ ಸಾಮಾನ್ಯ ವ್ಯತ್ಯಾಸ, ಕಾಮನ್ ರೇಶಿಯೋ ಎಂದರೆ ಸಾಮಾನ್ಯ ಅನುಪಾತ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇಂತಹ ಪದಗಳನ್ನು ಎದುರುಬದುರು ಬರೆದಿಡಿ. ಒಂದು ಪಾಠಕ್ಕೆ ಹತ್ತು ಪದ ದಾಟುವುದಿಲ್ಲ. ತಾಯಂದಿರು ಮಾಡಬೇಕಾದದ್ದು ಇಷ್ಟೇ: ಮಗ್ರಿಬ್ ನಮಾಝ್ ಆದ ಮೇಲೆ ಅರ್ಧ ಗಂಟೆ ಅವಳನ್ನು ಅಡುಗೆಮನೆಗೆ ಕರೆಯಬೇಡಿ. ಮಗನನ್ನು ಹೇಗೂ ಕರೆಯುವುದಿಲ್ಲವಲ್ಲ.

ಮುಂದಿನ ಸಂಚಿಕೆಯವರೆಗೆ ಮೂರು ಲೆಕ್ಕಗಳು. ಸಮಾಂತರ ಶ್ರೇಢಿಯೊಂದರ 5ನೆಯ ಪದ 11 ಆದರೆ ಮೊದಲ 9 ಪದಗಳ ಮೊತ್ತವೆಷ್ಟು? ಗುಣೋತ್ತರ ಶ್ರೇಢಿಯ 3ನೆಯ ಪದ 4 ಆದರೆ ಮೊದಲ 5 ಪದಗಳ ಗುಣಲಬ್ಧವೆಷ್ಟು? 604 ಪುಟಗಳ ಮುಸ್‌ಹಫನ್ನು ದಿನಕ್ಕೆ 2 ಪುಟ ಹೆಚ್ಚಿಸುತ್ತ 15 ದಿನಗಳಲ್ಲಿ ಓದಿ ಮುಗಿಸಬೇಕಾದರೆ ಮೊದಲ ದಿನ ಕನಿಷ್ಠ ಎಷ್ಟು ಪುಟ ಓದಬೇಕು? ಉತ್ತರಗಳು ಕ್ರಮವಾಗಿ 99, 1024 ಮತ್ತು 27. ಮೂರನೆಯದಕ್ಕೆ ಎಂಟನೆಯ ದಿನವನ್ನು ಹಿಡಿದು ಯೋಚಿಸಿ.